ಓಪನ್ ಸೋರ್ಸ್ ಬುನಾದಿ, ಮುಚ್ಚಿದ ಮಾಡ್ಯೂಲ್: ಪರವಾನಗಿ ಮುರಿಯದೆ ಬರೆದು ಮಾರುವುದು ಹೇಗೆ?

ಕಲಬುರಗಿಯ ದಾಲ್ ಮಿಲ್‌ಗಳಿಗೆ, ಗಂಜ್‌ನ ಅಡತಿ ಅಂಗಡಿಗಳಿಗೆ, ಖಾಸಗಿ ಆಸ್ಪತ್ರೆ ಮತ್ತು ಕಾಲೇಜುಗಳಿಗೆ ತಂತ್ರಾಂಶ ಮಾಡಿಕೊಡುವ ಚಿಕ್ಕ ತಂಡಗಳು ಎಲ್ಲವನ್ನೂ ಸೊನ್ನೆಯಿಂದ ಬರೆಯುವುದಿಲ್ಲ, ಬರೆಯಬೇಕಾಗಿಯೂ ಇಲ್ಲ. ಲೆಕ್ಕಪತ್ರಕ್ಕೆ ಇಆರ್‌ಪಿನೆಕ್ಸ್ಟ್ ಅಥವಾ ಒಡೂ ಇದೆ, ವೆಬ್‌ಸೈಟಿಗೆ ವರ್ಡ್‌ಪ್ರೆಸ್ ಇದೆ, ಕಾಲೇಜಿನ ಪಾಠಕ್ಕೆ ಮೂಡಲ್ ಇದೆ. ಇವು ಓಪನ್ ಸೋರ್ಸ್, ಅಂದರೆ ಬರೆದ ಮೂಲ ಕೋಡನ್ನೂ (ಸೋರ್ಸ್) ತೆರೆದಿಟ್ಟ ತಂತ್ರಾಂಶಗಳು. ಇವುಗಳ ಮೇಲೆ ತೊಗರಿ ಆವಕ, ಹಮಾಲಿ, ಚೀಲದ ಲೆಕ್ಕ ಎಂದು ಊರಿಗೆ ಬೇಕಾದ ಮಾಡ್ಯೂಲ್ (ಹೆಚ್ಚುವರಿ ಭಾಗ) ಬರೆದು ಮಾರುತ್ತಾರೆ. ಮಾರುವ ಹೊತ್ತಿಗೆ ಪ್ರಶ್ನೆ ಏಳುತ್ತದೆ: ನಾವು ಬರೆದ ಮಾಡ್ಯೂಲಿನ ಸೋರ್ಸ್ ಕೋಡನ್ನು ಗ್ರಾಹಕರಿಗೆ ಕೊಡಲೇಬೇಕೇ?

ಇದಕ್ಕೆ ಎರಡು ಸಿದ್ಧ ಉತ್ತರಗಳು ಓಡಾಡುತ್ತವೆ. ಪುಕ್ಕಟೆ ಸಿಕ್ಕಿದ್ದು, ಏನು ಬೇಕಾದರೂ ಮಾಡಬಹುದು ಎನ್ನುವುದು ಒಂದು. ಓಪನ್ ಸೋರ್ಸ್ ಮುಟ್ಟಿದರೆ ನಮ್ಮ ಕೋಡನ್ನೆಲ್ಲ ಊರಿಗೆ ಹಂಚಬೇಕು ಎನ್ನುವುದು ಇನ್ನೊಂದು. ಎರಡೂ ತಪ್ಪು. ಬುನಾದಿಯ ತಂತ್ರಾಂಶ ಯಾವ ಪರವಾನಗಿಯಲ್ಲಿದೆ, ನಿಮ್ಮ ಕೋಡ್ ಅದಕ್ಕೆ ಹೇಗೆ ಅಂಟಿಕೊಂಡಿದೆ, ತಂತ್ರಾಂಶದ ಪ್ರತಿ ಯಾರ ಕೈಗೆ ಹೋಗುತ್ತದೆ ಎಂಬ ಮೂರು ಸಂಗತಿಗಳ ಮೇಲೆ ಉತ್ತರ ನಿಂತಿದೆ. ಮೂರನ್ನೂ ಕೋಡಿನ ಮೊದಲ ಸಾಲು ಬರೆಯುವ ಮುನ್ನವೇ ತೀರ್ಮಾನಿಸಬೇಕು. ಮಾಡ್ಯೂಲ್ ಹತ್ತು ಮಿಲ್‌ಗಳಲ್ಲಿ ಕೂತ ಮೇಲೆ ನಿಮ್ಮ ಕೋಡಿಗೂ ಬುನಾದಿಗೂ ನಡುವಿನ ಗಡಿ ಬದಲಿಸುವುದೆಂದರೆ ಹೊಸದಾಗಿ ಬರೆದಂತೆಯೇ.

ಮೊದಲು ಕಾನೂನಿನ ಬುಡ ತಿಳಿದಿರಲಿ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಂಗಳನ್ನು ಸಾಹಿತ್ಯ ಕೃತಿಗಳ ಸಾಲಿನಲ್ಲಿ ಇಟ್ಟಿದೆ. ಅವನ್ನು ನಕಲು ಮಾಡಿ, ಮಾರ್ಪಡಿಸಿ ಹಂಚಲು ಬರೆದವರ ಅನುಮತಿ ಬೇಕು. ಓಪನ್ ಸೋರ್ಸ್ ಪರವಾನಗಿ ಎಂಬುದು ಷರತ್ತು ಹಾಕಿ ಕೊಟ್ಟ ಅಂಥ ಅನುಮತಿ. ಷರತ್ತು ಮುರಿದವರ ಕೈಯಲ್ಲಿ ಅನುಮತಿ ಉಳಿಯುವುದಿಲ್ಲ. ಗೊತ್ತಿದ್ದೂ ಉಲ್ಲಂಘಿಸಿದವರಿಗೆ ಕಾಯ್ದೆಯ 63ನೇ ಕಲಂ 6 ತಿಂಗಳಿಂದ 3 ವರ್ಷದವರೆಗೆ ಸಜೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. ಪುಕ್ಕಟೆ ಕೊಟ್ಟದ್ದರ ಷರತ್ತಿಗೆ ಬೆಲೆ ಏನು ಎನ್ನುವವರು 2008ರ ಒಂದು ಅಮೆರಿಕನ್ ತೀರ್ಪನ್ನು ನೋಡಬೇಕು. ಆಟಿಕೆ ರೈಲುಗಳನ್ನು ನಿಯಂತ್ರಿಸುವ ತಂತ್ರಾಂಶದ ಬಗ್ಗೆ ಜೇಕಬ್ಸನ್ ಮತ್ತು ಕ್ಯಾಟ್ಜರ್ ನಡುವೆ ನಡೆದ ಮೊಕದ್ದಮೆ ಅದು. ಹಣ ಪಡೆಯದೆ ಕೊಟ್ಟ ಪರವಾನಗಿಯ ಷರತ್ತುಗಳನ್ನೂ ಕೃತಿಸ್ವಾಮ್ಯದ ಬಲದಿಂದ ಜಾರಿ ಮಾಡಬಹುದು ಎಂದು ಮೇಲ್ಮನವಿ ನ್ಯಾಯಾಲಯ ಹೇಳಿತು. ಅದಕ್ಕೂ ಮೊದಲು, 2004ರಲ್ಲಿ, ಜರ್ಮನಿಯ ಮ್ಯೂನಿಕ್ ನ್ಯಾಯಾಲಯ ಜಿಪಿಎಲ್ (ಪ್ರತಿ ಕೊಟ್ಟವರು ಸೋರ್ಸನ್ನೂ ಕೊಡಬೇಕೆನ್ನುವ ಪರವಾನಗಿ) ಷರತ್ತು ಪಾಲಿಸದ ರೂಟರ್ ಕಂಪನಿಯೊಂದಕ್ಕೆ ತಡೆಯಾಜ್ಞೆ ಕೊಟ್ಟಿತ್ತು.

ಹೆಜ್ಜೆ 1: ಒಳಗೆ ಏನೇನಿದೆ ಎಂದು ಬರೆದಿಡಿ

ಈ ಬರಹದುದ್ದಕ್ಕೂ ಒಂದೇ ಉದಾಹರಣೆ ಹಿಡಿದು ನಡೆಯೋಣ. ಕಪನೂರ ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್‌ಗೆ ತೊಗರಿ ಆವಕದ ಮಾಡ್ಯೂಲ್ ಬೇಕು. ಚಿತ್ತಾಪುರದಿಂದಲೋ ಜೇವರ್ಗಿಯಿಂದಲೋ ಲಾರಿ ಬರುತ್ತದೆ. ಕಾಟಾದ ಮೇಲೆ ತುಂಬಿದ ಲಾರಿಯ ತೂಕ, ಇಳಿಸಿದ ಮೇಲೆ ಖಾಲಿ ಲಾರಿಯ ತೂಕ. ಚೀಲದ ತೂಕ ಕಳೆಯಬೇಕು, ತೇವಾಂಶ ನಮೂದಿಸಬೇಕು, ಹಮಾಲಿ ಹಿಡಿಯಬೇಕು, ಕೊನೆಗೆ ಕನ್ನಡದಲ್ಲಿ ರಸೀದಿ ಮುದ್ರಿಸಬೇಕು. ಲೆಕ್ಕವೆಲ್ಲ ಇಆರ್‌ಪಿನೆಕ್ಸ್ಟ್‌ಗೆ ಸೇರಬೇಕು.

ಇಷ್ಟು ಕೆಲಸಕ್ಕೆ ಎಷ್ಟು ಬಗೆಯ ಕೋಡ್ ಬಂತು ನೋಡಿ. ಇಆರ್‌ಪಿನೆಕ್ಸ್ಟ್ ಜಿಪಿಎಲ್ 3ರಲ್ಲಿದೆ. ಅದರ ಅಡಿಯಲ್ಲಿರುವ ಫ್ರಾಪೆ ಚೌಕಟ್ಟು ಎಂಐಟಿ ಎಂಬ ಸಡಿಲ ಪರವಾನಗಿಯಲ್ಲಿದೆ. ಜಿಎಸ್‌ಟಿಗೆ ಜೊತೆಯಲ್ಲಿ ಹಾಕುವ ಇಂಡಿಯಾ ಕಂಪ್ಲಯನ್ಸ್ ಆ್ಯಪ್ ಮತ್ತೆ ಜಿಪಿಎಲ್ 3. ಕಾಟಾದ ಸೂಚಕ ಸೀರಿಯಲ್ ತಂತಿಯಲ್ಲಿ ಕಳಿಸುವ ಅಂಕಿಯನ್ನು ಓದಲು ಪೈಸೀರಿಯಲ್, ಅದು ಅಂಥದ್ದೇ ಸಡಿಲವಾದ ಬಿಎಸ್‌ಡಿ ಪರವಾನಗಿಯದು. ಆ ಅಂಕಿಯನ್ನು ಕಾಟಾ ಗುಮಾಸ್ತರಿಗೆ ದೊಡ್ಡದಾಗಿ ತೋರಿಸುವ ಕಿಟಕಿಗೆ ಒಂದು ಸಲಕರಣೆ, ರಸೀದಿಯ ಪಿಡಿಎಫ್‌ಗೆ ಇನ್ನೊಂದು, ಕನ್ನಡ ಅಕ್ಷರಕ್ಕೆ ಒಂದು ಫಾಂಟ್.

ಪ್ರತಿಯೊಂದರ ಹೆಸರು, ಆವೃತ್ತಿ, ಪರವಾನಗಿ, ಎಲ್ಲಿಂದ ತಂದಿರಿ, ನೀವು ಅದನ್ನು ಬದಲಿಸಿದ್ದೀರಾ, ಈ ಐದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಪೈಥಾನ್ ಪ್ಯಾಕೇಜುಗಳನ್ನು ಪಿಪ್-ಲೈಸೆನ್ಸಸ್ ಎಂಬ ಸಲಕರಣೆ ಪಟ್ಟಿ ಮಾಡಿಕೊಡುತ್ತದೆ. ಕಡತಗಳ ಒಳಹೊಕ್ಕು ಹುಡುಕಲು ಸ್ಕ್ಯಾನ್‌ಕೋಡ್ ಮತ್ತು ಫಾಸಾಲಜಿ ಇವೆ, ಇವೂ ಓಪನ್ ಸೋರ್ಸ್. ಪರವಾನಗಿಯ ಹೆಸರನ್ನು ಎಸ್‌ಪಿಡಿಎಕ್ಸ್ ಗುರುತಿನಲ್ಲೇ (ಪರವಾನಗಿಗಳಿಗೆ ಇಟ್ಟ ಪ್ರಮಾಣಿತ ಚುಟುಕು ಹೆಸರು) ಬರೆಯಿರಿ. ಆ ಗುರುತುಗಳಲ್ಲಿ "ಜಿಪಿಎಲ್ 2 ಮಾತ್ರ" ಬೇರೆ, "ಜಿಪಿಎಲ್ 2 ಅಥವಾ ನಂತರದ್ದು" ಬೇರೆ. ಈ ಭೇದ ಮುಂದೆ ಕೆಲಸಕ್ಕೆ ಬರುತ್ತದೆ: ಅಪಾಚೆ 2.0 ಪರವಾನಗಿಯ ಕೋಡ್ ಜಿಪಿಎಲ್ 3ರೊಂದಿಗೆ ಸೇರುತ್ತದೆ, "ಜಿಪಿಎಲ್ 2 ಮಾತ್ರ" ಎಂದಿರುವುದರೊಂದಿಗೆ ಸೇರುವುದಿಲ್ಲ. ಅಂತರಜಾಲದ ಯಾವುದೋ ಉತ್ತರದಿಂದ ನಕಲಿಸಿ ಅಂಟಿಸಿದ ಸಾಲುಗಳಿಗೂ ಹಾಳೆಯಲ್ಲಿ ಜಾಗ ಬೇಕು, ಏಕೆಂದರೆ ಯಾವ ಸಲಕರಣೆಯೂ ಅವನ್ನು ಖಚಿತವಾಗಿ ಹಿಡಿದುಕೊಡುವುದಿಲ್ಲ.

ಹೆಜ್ಜೆ 2: ಪರವಾನಗಿಗಳನ್ನು ವಿಂಗಡಿಸಿ

ಎಂಐಟಿ, ಬಿಎಸ್‌ಡಿ, ಅಪಾಚೆ 2.0 ಬಂದರೆ ನಿಮ್ಮ ಮಾಡ್ಯೂಲನ್ನು, ಸೋರ್ಸ್ ಕೊಡದೆ, ಮುಚ್ಚಿಡಬಹುದು. ಮುಖ್ಯವಾಗಿ ಕೃತಿಸ್ವಾಮ್ಯದ ಸೂಚನೆ ಮತ್ತು ಪರವಾನಗಿಯ ಪಠ್ಯವನ್ನು ಜೊತೆಯಲ್ಲಿ ಕೊಡಬೇಕು. ಈ ಅಷ್ಟನ್ನೂ ಮಾಡದವರೇ ಹೆಚ್ಚು ಎಂಬುದು ಬೇಸರದ ಮಾತು.

ಎಲ್‌ಜಿಪಿಎಲ್ ನಡುವಿನ ದಾರಿ. ಗ್ರಂಥಾಲಯದ (ಬೇರೆ ಪ್ರೋಗ್ರಾಂಗಳು ಕರೆದು ಬಳಸುವ ಸಿದ್ಧ ಕೋಡಿನ ಕಟ್ಟು) ಕೋಡ್ ಮುಕ್ತವಾಗಿರಬೇಕು, ಅದನ್ನು ಬಳಸುವ ನಿಮ್ಮ ಕೋಡ್ ಮುಚ್ಚಿರಬಹುದು. ಆದರೆ ಗ್ರಾಹಕರು ಆ ಗ್ರಂಥಾಲಯದ ಬೇರೆ ಆವೃತ್ತಿಯನ್ನು ಹಾಕಿಕೊಳ್ಳಲು ದಾರಿ ಬಿಡಬೇಕು. ಅಂಥ ಬದಲಾವಣೆಯ ದೋಷ ಹುಡುಕಲು ಅವರು ನಿಮ್ಮ ಪ್ರೋಗ್ರಾಂ ಬಿಚ್ಚಿ ನೋಡುವುದನ್ನು ಒಪ್ಪಂದದಲ್ಲಿ ನಿಷೇಧಿಸುವಂತಿಲ್ಲ.

ಜಿಪಿಎಲ್‌ನಲ್ಲಿ, ಒಂದೇ ಕೃತಿಯಾಗಿ ಬೆಸೆದದ್ದನ್ನು ಬೇರೆಯವರಿಗೆ ಕೊಟ್ಟರೆ ಇಡೀ ಕೃತಿ ಜಿಪಿಎಲ್‌ನಲ್ಲೇ ಹೋಗಬೇಕು. ಎಜಿಪಿಎಲ್ ಇನ್ನೊಂದು ಮೆಟ್ಟಿಲು ಮೇಲೆ. ಮಾರ್ಪಡಿಸಿದ ತಂತ್ರಾಂಶವನ್ನು ಜಾಲದ ಮೂಲಕ ಬಳಸುವವರಿಗೂ ಸೋರ್ಸ್ ಸಿಗುವಂತೆ ಅದರ 13ನೇ ಕಲಂ ಬಯಸುತ್ತದೆ.

ನಮ್ಮ ಆವಕ ಮಾಡ್ಯೂಲಿನ ಹಾಳೆಯನ್ನು ಈ ಕಣ್ಣಿನಿಂದ ನೋಡಿದರೆ ಅಪಾಯ ಇಆರ್‌ಪಿನೆಕ್ಸ್ಟ್‌ನಲ್ಲಿ ಮಾತ್ರ ಇಲ್ಲ. ಕಾಟಾದ ಕಿಟಕಿಗೆ ಪೈಕ್ಯೂಟಿ ಬಳಸಿದ್ದೀರಿ ಎನ್ನಿ. ಅದು ಜಿಪಿಎಲ್ 3ರಲ್ಲಿ ಸಿಗುತ್ತದೆ, ಇಲ್ಲವೇ ಹಣ ಕೊಟ್ಟು ವಾಣಿಜ್ಯ ಪರವಾನಗಿ ಪಡೆಯಬೇಕು. ಎರಡು ಅಂಕಿ ತೋರಿಸುವ ಪುಟ್ಟ ಕಿಟಕಿಯಿಂದಾಗಿ ಕಾಟಾ ಪ್ರೋಗ್ರಾಂ ಪೂರ್ತಿ ಜಿಪಿಎಲ್ ಆಗುತ್ತದೆ. ಅದೇ ಕೆಲಸವನ್ನು ಎಲ್‌ಜಿಪಿಎಲ್‌ನಲ್ಲಿ ಸಿಗುವ ಪೈಸೈಡ್ ಮಾಡುತ್ತದೆ, ಕೋಡಿನಲ್ಲಿ ಬದಲಿಸಬೇಕಾದದ್ದು ಬಹಳ ಕಡಿಮೆ. ಪಿಡಿಎಫ್‌ಗೆ ಪೈಮ್ಯೂಪಿಡಿಎಫ್ ತಂದರೆ ಅದು ಎಜಿಪಿಎಲ್. ಬದಲಿಗೆ ವೀಸಿಪ್ರಿಂಟ್ ಬಳಸಿದರೆ ಅದು ಬಿಎಸ್‌ಡಿ, ಅದರ ಅಡಿಯ ಪ್ಯಾಂಗೋ ಎಲ್‌ಜಿಪಿಎಲ್. ಪ್ಯಾಂಗೋ ಇರುವುದರಿಂದ "ಕ್ವಿಂಟಲ್"ನ ಒತ್ತಕ್ಷರ ಒಡೆಯದೆ ಮುದ್ರಣವಾಗುತ್ತದೆ ಎಂಬುದು ಕನ್ನಡದವರಿಗೆ ಹೆಚ್ಚಿನ ಲಾಭ. ಫಾಂಟ್ ನೋಟೋ ಸಾನ್ಸ್ ಕನ್ನಡ ಆದರೆ ಅದು ಎಸ್‌ಐಎಲ್ ಮುಕ್ತ ಫಾಂಟ್ ಪರವಾನಗಿಯಲ್ಲಿದೆ. ತಂತ್ರಾಂಶದ ಜೊತೆ ಸೇರಿಸಿ ಮಾರಬಹುದು, ಫಾಂಟನ್ನಷ್ಟೇ ಮಾರುವಂತಿಲ್ಲ.

ಹೆಜ್ಜೆ 3: ಗಡಿ ಎಲ್ಲಿದೆ ಎಂದು ನೋಡಿ

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಹೆಜ್ಜೆ ಇದು. "ನಮ್ಮ ಮಾಡ್ಯೂಲ್ ಬೇರೆ ಫೋಲ್ಡರಿನಲ್ಲಿದೆ, ಆದ್ದರಿಂದ ಬೇರೆ ಕೃತಿ" ಎನ್ನುವ ವಾದ ನಿಲ್ಲುವುದಿಲ್ಲ. ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ಲಗಿನ್ (ಮುಖ್ಯ ಪ್ರೋಗ್ರಾಂಗೆ ಜೋಡಿಸುವ ಭಾಗ) ಎಂಬ ಪದವೇ ಇಲ್ಲ. ಹಾಗಾಗಿ ಪರವಾನಗಿ ಬರೆದ ಫ್ರೀ ಸಾಫ್ಟ್‌ವೇರ್ ಫೌಂಡೇಷನ್ ಕೊಟ್ಟ ವಿವರಣೆಯನ್ನು ಹಿಡಿದು ನಡೆಯುವುದು ಕ್ಷೇಮ. ಅದರ ಪ್ರಕಾರ, ಮುಖ್ಯ ಪ್ರೋಗ್ರಾಂ ಮತ್ತು ಪ್ಲಗಿನ್ ಒಂದೇ ಪ್ರಕ್ರಿಯೆಯಲ್ಲಿ (ಪ್ರಾಸೆಸ್) ಲಿಂಕ್ ಆಗಿ, ಪರಸ್ಪರ ಫಂಕ್ಷನ್ ಕರೆದು, ಡೇಟಾ ರಚನೆಗಳನ್ನು ಹಂಚಿಕೊಂಡರೆ ಅವು ಒಂದೇ ಕೃತಿ. ಬೇರೆ ಪ್ರಕ್ರಿಯೆಗಳಾಗಿ ಓಡುತ್ತ, ಸಾಕೆಟ್, ಪೈಪ್ ಅಥವಾ ಆದೇಶ ಸಾಲಿನ ಮೂಲಕ ಸರಳ ಮಾಹಿತಿಯನ್ನಷ್ಟೇ ವಿನಿಮಯ ಮಾಡಿದರೆ ಸಾಮಾನ್ಯವಾಗಿ ಬೇರೆ ಕೃತಿಗಳು. ಬೇರೆ ಪ್ರಕ್ರಿಯೆಯಾದರೂ ಒಳಗಿನ ಸಂಕೀರ್ಣ ರಚನೆಗಳನ್ನು ಹಾಗೆಯೇ ದಾಟಿಸುತ್ತಿದ್ದರೆ ಮತ್ತೆ ಅನುಮಾನ.

ಆವಕ ಮಾಡ್ಯೂಲನ್ನು ಮೂರು ರೀತಿಯಲ್ಲಿ ಬರೆಯಬಹುದು, ಮೂರಕ್ಕೂ ಮೂರು ಫಲ. ಇಆರ್‌ಪಿನೆಕ್ಸ್ಟ್‌ನ ಪರ್ಚೇಸ್ ರಿಸೀಟ್ ಕ್ಲಾಸನ್ನು ಆಧಾರವಾಗಿಟ್ಟುಕೊಂಡು, ಅದರ ವಿಧಾನಗಳನ್ನು ಬದಲಿಸಿ, ತೂಕ ಕಳೆಯುವ ಲೆಕ್ಕವನ್ನು ಒಳಗೇ ಸೇರಿಸುವುದು ಮೊದಲನೆಯದು. ಬರೆಯುವುದು ಸುಲಭ, ಆದರೆ ಮಾಡ್ಯೂಲ್ ಜಿಪಿಎಲ್ 3 ಎಂದು ಮೊದಲೇ ಒಪ್ಪಿಕೊಳ್ಳಬೇಕು. ಎರಡನೆಯದು, ಇಆರ್‌ಪಿನೆಕ್ಸ್ಟ್ ಮುಟ್ಟದೆ ಫ್ರಾಪೆ ಚೌಕಟ್ಟಿನ ಮೇಲಷ್ಟೇ ನಿಲ್ಲುವ ಆ್ಯಪ್. ಫ್ರಾಪೆ ಎಂಐಟಿಯಲ್ಲಿರುವುದರಿಂದ ಇದನ್ನು ಮುಚ್ಚಿಡಬಹುದು. ಇಆರ್‌ಪಿನೆಕ್ಸ್ಟ್‌ನಿಂದ ಒಂದು ಸಾಲು ಆಮದು (ಇಂಪೋರ್ಟ್) ಮಾಡಿಕೊಂಡ ಕ್ಷಣ ಈ ಮಾತು ಬಿದ್ದುಹೋಗುತ್ತದೆ, ಆದ್ದರಿಂದ ಕೋಡ್ ಪರಿಶೀಲನೆಯಲ್ಲಿ ಆಮದು ಸಾಲುಗಳನ್ನು ಪ್ರತಿ ಸಲ ಹುಡುಕಿ ನೋಡುವ ನಿಯಮ ಇಡಿ. ಮೂರನೆಯದು, ಕಾಟಾ ಕೋಣೆಯ ಕಂಪ್ಯೂಟರಿನಲ್ಲಿ ಸ್ವತಂತ್ರವಾಗಿ ಓಡುವ ಪ್ರೋಗ್ರಾಂ. ಲಾರಿ ಸಂಖ್ಯೆ, ಒಟ್ಟು ತೂಕ, ಖಾಲಿ ತೂಕ, ಚೀಲ, ತೇವಾಂಶ ಎಂಬ ಐದು ಅಂಶಗಳನ್ನು ಎಚ್‌ಟಿಟಿಪಿ ಮೂಲಕ ಇಆರ್‌ಪಿನೆಕ್ಸ್ಟ್‌ಗೆ ಕಳಿಸಿ, ರಸೀದಿ ಸಂಖ್ಯೆಯನ್ನು ಮರಳಿ ಪಡೆಯುತ್ತದೆ. ಇಆರ್‌ಪಿನೆಕ್ಸ್ಟ್ ಇಲ್ಲದಿದ್ದರೂ ತೂಕ ಹಿಡಿದು ಇಟ್ಟುಕೊಳ್ಳುತ್ತದೆ, ಬೇರೆ ಲೆಕ್ಕದ ತಂತ್ರಾಂಶಕ್ಕೂ ಕಳಿಸಬಲ್ಲದು. ಮುಚ್ಚಿದ ಕೋಡ್ ಬೇಕೆಂದರೆ ನಾನು ಹೇಳುವುದು ಇದನ್ನೇ. ಲೈನ್ ಹೋಗಿ ಸರ್ವರ್ ನಿಂತಾಗಲೂ ಕಾಟಾ ನಡೆಯುತ್ತದೆ, ಲಾರಿ ಸಾಲು ನಿಲ್ಲುವುದಿಲ್ಲ.

ಪರವಾನಗಿಯನ್ನು ಸುತ್ತಿಹೋಗಲೆಂದೇ ನಡುವೆ ಒಂದು ತೆಳು ಪದರ ಹಾಕಿ, ಆಚೆಗೆ ಹಳೆಯ ಬೆಸುಗೆಯನ್ನೇ ಉಳಿಸಿಕೊಂಡರೆ ಅದು ಗಡಿ ಅಲ್ಲ. ನಿಮ್ಮ ಭಾಗ ಸ್ವತಂತ್ರವಾಗಿ ಉಪಯೋಗಕ್ಕೆ ಬರುತ್ತದೆಯೇ ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಗಡಿ ಎಲ್ಲಿ, ಏಕೆ ಎಂಬುದನ್ನು ದಿನಾಂಕ ಹಾಕಿದ ಟಿಪ್ಪಣಿ ಮತ್ತು ನಕ್ಷೆಯಾಗಿ ಬರೆದಿಡಿ.

ಬೇರೆ ಬುನಾದಿಗಳ ಕಥೆ ಚುಟುಕಾಗಿ. ಒಡೂ ಕಮ್ಯೂನಿಟಿ 2015ರ 9ನೇ ಆವೃತ್ತಿಯಿಂದ ಎಲ್‌ಜಿಪಿಎಲ್ 3ರಲ್ಲಿದೆ, ಮುಚ್ಚಿದ ಮಾಡ್ಯೂಲಿಗೆ ಅವಕಾಶವಿದೆ. ಆದರೆ ಒಡೂ ಸಮುದಾಯ ಸಂಘದ ಅನೇಕ ಮಾಡ್ಯೂಲುಗಳು ಎಜಿಪಿಎಲ್ 3ರಲ್ಲಿವೆ. ನಿಮ್ಮ ಮಾಡ್ಯೂಲಿನ ಅವಲಂಬನೆಯ ಸಾಲಿನಲ್ಲಿ ಅಂಥದ್ದೊಂದರ ಹೆಸರಿದ್ದರೆ ಆ ಅವಕಾಶ ಮುಚ್ಚಿದಂತೆ. ವರ್ಡ್‌ಪ್ರೆಸ್ ಜಿಪಿಎಲ್ 2 ಅಥವಾ ನಂತರದ್ದು. ಅದರ ಥೀಮ್‌ಗಳ ಪಿಎಚ್‌ಪಿ ಭಾಗ ವರ್ಡ್‌ಪ್ರೆಸ್‌ನಿಂದ ಹುಟ್ಟಿದ ಕೃತಿ, ಚಿತ್ರಗಳು ಮತ್ತು ಸಿಎಸ್‌ಎಸ್ ಹಾಗಲ್ಲ ಎಂದು 2009ರಲ್ಲಿ ಮುಕ್ತ ತಂತ್ರಾಂಶಕ್ಕೆ ಕಾನೂನು ನೆರವು ಕೊಡುವ ಸಾಫ್ಟ್‌ವೇರ್ ಫ್ರೀಡಂ ಲಾ ಸೆಂಟರ್ ಅಭಿಪ್ರಾಯ ಕೊಟ್ಟಿತು. ಲಿನಕ್ಸ್ ಕರ್ನಲ್ (ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ಗಡಿಯನ್ನು ತಾನೇ ಬರೆದುಕೊಂಡಿದೆ: ಸಾಮಾನ್ಯ ಸಿಸ್ಟಂ ಕರೆಗಳ ಮೂಲಕ ಅದರ ಸೇವೆ ಪಡೆಯುವ ಪ್ರೋಗ್ರಾಂಗಳಿಗೆ ಅದರ ಜಿಪಿಎಲ್ ತಟ್ಟುವುದಿಲ್ಲ. ಅದೇ ಕರ್ನಲ್‌ನ ಒಳಗೆ ಮುಚ್ಚಿದ ಮಾಡ್ಯೂಲ್ ತುಂಬಿದರೆ ಅದು ತನ್ನನ್ನು ಕಳಂಕಿತ ಎಂದು ಗುರುತು ಹಾಕಿಕೊಳ್ಳುತ್ತದೆ, ಜಿಪಿಎಲ್ ಮಾಡ್ಯೂಲುಗಳಿಗೆ ಮೀಸಲಾದ ಸಂಕೇತಗಳನ್ನು (ಒಳ ಫಂಕ್ಷನ್ ಇತ್ಯಾದಿಗಳ ಹೆಸರುಗಳು) ಬಳಸಲು ಕೊಡುವುದಿಲ್ಲ.

ಹೆಜ್ಜೆ 4: ಪ್ರತಿ ಯಾರ ಕೈಗೆ ಹೋಗುತ್ತದೆ?

ಜಿಪಿಎಲ್‌ನ ಸೋರ್ಸ್ ಕೊಡುವ ಹೊಣೆ ಪ್ರತಿ ಪಡೆದವರಿಗೆ ಸಂಬಂಧಿಸಿದ್ದು. ಮಿಲ್‌ಗೆ ಮಾಡ್ಯೂಲ್ ಕೊಟ್ಟಿದ್ದರೆ ಮಿಲ್‌ಗೆ ಸೋರ್ಸ್ ಕೊಟ್ಟರೆ ಸಾಕು. ಎದುರು ಅಂಗಡಿಯವರಿಗೆ, ಪೈಪೋಟಿಯ ತಂಡಕ್ಕೆ ಕೊಡಬೇಕಾಗಿಲ್ಲ, ಅಂತರಜಾಲದಲ್ಲಿ ಏರಿಸಬೇಕಾಗಿಯೂ ಇಲ್ಲ. ಮಿಲ್‌ನವರು ತಾವಾಗಿ ಹಂಚಿದರೆ ತಡೆಯುವ ಹಕ್ಕು ನಿಮಗಿಲ್ಲ, ಅದು ಬೇರೆ ಮಾತು.

ತಂತ್ರಾಂಶ ನಿಮ್ಮದೇ ಸರ್ವರಿನಲ್ಲಿದ್ದು ಮಿಲ್‌ನವರು ಬ್ರೌಸರಿನಿಂದ ಬಳಸುತ್ತಿದ್ದರೆ ಜಿಪಿಎಲ್ ಪ್ರಕಾರ ಪ್ರತಿ ಕೊಟ್ಟಂತಾಗುವುದಿಲ್ಲ. ಬ್ರೌಸರಿಗೆ ಇಳಿಯುವ ಜಾವಾಸ್ಕ್ರಿಪ್ಟ್ ಮಾತ್ರ ಕೊಟ್ಟಂತೆಯೇ. ಎಜಿಪಿಎಲ್ ಇದ್ದರೆ ಈ ವಿನಾಯಿತಿ ಇಲ್ಲ. ಮಿಲ್‌ನ ಕಚೇರಿಯ ಕಂಪ್ಯೂಟರಿನಲ್ಲಿ ಕೂರಿಸಿದರೆ ಕೊಟ್ಟಂತೆ. ಮಿಲ್‌ನ ಹೆಸರಿನ ಕ್ಲೌಡ್ ಖಾತೆಯಲ್ಲಿ ಕೂರಿಸಿದರೂ ಕೊಟ್ಟಂತೆ ಎಂದೇ ನಡೆದುಕೊಳ್ಳಿ.

ಹೆಜ್ಜೆ 5: ಮುಚ್ಚಬೇಕೇ ಎಂದು ಮತ್ತೊಮ್ಮೆ ಯೋಚಿಸಿ

ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ನಮ್ಮ ಊರಿನ ಕಸುಬಿನಲ್ಲಿ ಮಾಡ್ಯೂಲ್ ಮುಚ್ಚುವುದರಿಂದ ಸಿಗುವ ಲಾಭ ನಾವು ಅಂದುಕೊಂಡಷ್ಟಿಲ್ಲ. ಮಿಲ್ ಸಾಹುಕಾರರು ಹಣ ಕೊಡುವುದು ಸುಗ್ಗಿಯ ತಿಂಗಳುಗಳಲ್ಲಿ ಕಾಟಾ ನಿಂತರೆ ಅರ್ಧ ಗಂಟೆಯಲ್ಲಿ ಬಂದು ನೋಡುವವರಿಗೆ, ಜಿಎಸ್‌ಟಿ ನಿಯಮ ಬದಲಾದಾಗ ಲೆಕ್ಕ ಸರಿಪಡಿಸುವವರಿಗೆ. ಸೋರ್ಸ್ ಕೊಟ್ಟರೂ ಈ ಕೆಲಸ ನಿಮ್ಮಲ್ಲೇ ಉಳಿಯುತ್ತದೆ. ಜಿಪಿಎಲ್ ಕೋಡಿಗೆ ಎಷ್ಟು ಬೆಲೆ ಬೇಕಾದರೂ ಇಡಬಹುದು ಎಂದು ಪರವಾನಗಿಯ ಪಠ್ಯವೇ ಹೇಳುತ್ತದೆ. ವಾರ್ಷಿಕ ನಿರ್ವಹಣೆಗೆ, ತರಬೇತಿಗೆ, ಖಾತರಿಗೆ ಬೇರೆ ಶುಲ್ಕ ಪಡೆಯಬಹುದು.

ನಿಜವಾಗಿ ಮುಚ್ಚಿಡಲು ಯೋಗ್ಯವಾದದ್ದು ಇದ್ದರೆ ಅದು ಸಾಮಾನ್ಯವಾಗಿ ಚಿಕ್ಕದು. ಕಾಳಿನ ಚಿತ್ರ ನೋಡಿ ದರ್ಜೆ ಹೇಳುವ ಕ್ರಮವೊಂದನ್ನು ನೀವು ಕಷ್ಟಪಟ್ಟು ರೂಪಿಸಿದ್ದೀರಿ ಎನ್ನೋಣ. ಅದನ್ನು ಪ್ರತ್ಯೇಕ ಸೇವೆಯಾಗಿ ನಿಮ್ಮ ಸರ್ವರಿನಲ್ಲಿ ಇಟ್ಟು, ಉಳಿದ ಆವಕ ಮಾಡ್ಯೂಲನ್ನು ಜಿಪಿಎಲ್ ಮಾಡಿ ಕೊಟ್ಟುಬಿಡಿ.

ಹೆಜ್ಜೆ 6: ಕಟ್ಟಿ ಕೊಡುವಾಗ

ಜಿಪಿಎಲ್ ಭಾಗಕ್ಕೆ, ಕೂರಿಸಿದ ಆವೃತ್ತಿಯ ಪೂರ್ಣ ಸೋರ್ಸನ್ನು ಅದೇ ದಿನ, ಅದೇ ಪೆನ್ ಡ್ರೈವಿನಲ್ಲಿ ಕೊಡಿ. ಕೇಳಿದಾಗ ಕೊಡುತ್ತೇವೆ ಎಂಬ ಲಿಖಿತ ಭರವಸೆಯ ದಾರಿಯೂ ಪರವಾನಗಿಯಲ್ಲಿದೆ. ಆದರೆ ಅದು ಕನಿಷ್ಠ 3 ವರ್ಷ ನಡೆಯಬೇಕು, ಜಿಪಿಎಲ್ 3ರಲ್ಲಿ ನೀವು ಬೆಂಬಲ ಕೊಡುವಷ್ಟು ಕಾಲವೂ ನಡೆಯಬೇಕು. ಚಿಕ್ಕ ತಂಡಕ್ಕೆ ಅಷ್ಟು ವರ್ಷದ ಲೆಕ್ಕ ಇಡುವುದು ಭಾರ. ಪ್ರತಿ ಗ್ರಾಹಕರಿಗೆ ಕೊಟ್ಟ ಆವೃತ್ತಿಗೆ, ಕೋಡಿನ ಆವೃತ್ತಿಗಳನ್ನು ಕಾದಿಡುವ ಗಿಟ್‌ನಲ್ಲಿ, ಒಂದು ಗುರುತು ಹಾಕಿಡಿ. ಬದಲಿಸಿದ ಕೃತಿಯಲ್ಲಿ ಬದಲಿಸಿದ್ದೇವೆ ಎಂಬ ಸೂಚನೆ ಮತ್ತು ದಿನಾಂಕ ಇರಲಿ. ಹೆಸರುಗಳನ್ನು ಗೋಜಲು ಮಾಡಿದ ಕೋಡ್ ಸೋರ್ಸ್ ಎನಿಸುವುದಿಲ್ಲ, ತಿದ್ದಲು ಅನುಕೂಲವಾದ ರೂಪವೇ ಸೋರ್ಸ್ ಎಂದು ಪರವಾನಗಿ ವಿವರಿಸಿದೆ. ಜಿಪಿಎಲ್ ಮಾಡ್ಯೂಲಿಗೆ ಅವಧಿ ಮುಗಿದರೆ ನಿಲ್ಲುವ ಬೀಗ ಹಾಕಿದರೆ ಗ್ರಾಹಕರು ಅದನ್ನು ತೆಗೆದುಹಾಕಬಹುದು, ನೀವು ಆಕ್ಷೇಪಿಸುವಂತಿಲ್ಲ.

ಮುಚ್ಚಿದ ಕಾಟಾ ಪ್ರೋಗ್ರಾಂ, ಪೈಥಾನ್ ಕೋಡನ್ನು ನೇರವಾಗಿ ಓಡುವ ರೂಪಕ್ಕೆ ಕಟ್ಟುವ ಪೈಇನ್‌ಸ್ಟಾಲರ್‌ನಿಂದ ಕಟ್ಟಿದ್ದರೆ ಹೆದರಬೇಕಿಲ್ಲ. ಪೈಇನ್‌ಸ್ಟಾಲರ್ ಜಿಪಿಎಲ್ ಆದರೂ, ಅದರಿಂದ ಕಟ್ಟಿದ ಪ್ರೋಗ್ರಾಂಗೆ ವಿಶೇಷ ವಿನಾಯಿತಿ ಕೊಟ್ಟಿದೆ. ಎಲ್ಲವನ್ನೂ ಒಂದೇ ಕಡತದಲ್ಲಿ ಅಡಕ ಮಾಡುವ ಬದಲು ಒಂದು ಫೋಲ್ಡರಾಗಿ ಕಟ್ಟಿ. ಆಗ ಪೈಸೈಡ್ ಮತ್ತು ಅದರ ಅಡಿಯ ಕ್ಯೂಟಿಯ ಕಡತಗಳು ಹೊರಗೆ ಕಾಣುತ್ತವೆ, ಗ್ರಾಹಕರು ಬದಲಿಸಬಲ್ಲರು, ಎಲ್‌ಜಿಪಿಎಲ್‌ನ ಮುಖ್ಯ ಷರತ್ತು ಪೂರೈಸಿದಂತಾಗುತ್ತದೆ. ಆ ಗ್ರಂಥಾಲಯಗಳ ಸೋರ್ಸನ್ನೂ ಪೆನ್ ಡ್ರೈವಿನಲ್ಲಿ ಸೇರಿಸಿ. ಅದೇ ಫೋಲ್ಡರಿನಲ್ಲಿ "ಪರವಾನಗಿಗಳು" ಎಂಬ ಒಳ ಫೋಲ್ಡರ್ ಮಾಡಿ, ಹೆಜ್ಜೆ 1ರ ಹಾಳೆ ಮತ್ತು ಎಲ್ಲ ಪರವಾನಗಿಗಳ ಪೂರ್ಣ ಪಠ್ಯ ಇಡಿ.

ಹೆಜ್ಜೆ 7: ಒಪ್ಪಂದ ಮತ್ತು ನಿಮ್ಮದೇ ಹುಡುಗರು

ಗ್ರಾಹಕರ ಒಪ್ಪಂದದಲ್ಲಿ ಯಾವ ಭಾಗ ಯಾವ ಪರವಾನಗಿಯಲ್ಲಿದೆ ಎಂದು ಹೆಸರಿಸಿ. "ಈ ತಂತ್ರಾಂಶವನ್ನು ಯಾರಿಗೂ ಕೊಡತಕ್ಕದ್ದಲ್ಲ" ಎಂಬ ಸಾಲು ಮುಚ್ಚಿದ ಭಾಗಕ್ಕೆ ಸರಿ. ಜಿಪಿಎಲ್ ಭಾಗಕ್ಕೂ ಅದನ್ನೇ ಹಾಕಿದರೆ ಪರವಾನಗಿ ಮುರಿದವರು ನೀವೇ.

ಇನ್ನೊಂದು ಕಡೆ ಗಮನ ಕಡಿಮೆ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳಿಂದ ಬಿಡಿ ಕೆಲಸ ಮಾಡಿಸಿಕೊಳ್ಳುವುದು ಇಲ್ಲಿ ರೂಢಿ. ಸಂಬಳದ ನೌಕರರು ಕೆಲಸದ ಭಾಗವಾಗಿ ಬರೆದ ಕೋಡ್, ಬೇರೆ ಒಪ್ಪಂದ ಇಲ್ಲದಿದ್ದರೆ, 17ನೇ ಕಲಂ ಪ್ರಕಾರ ಮಾಲೀಕರದು. ಬಿಡಿ ಕೆಲಸದವರು ಬರೆದದ್ದು ಅವರದೇ, ನಿಮಗೆ ವರ್ಗಾಯಿಸಲು 19ನೇ ಕಲಂ ಪ್ರಕಾರ ಲಿಖಿತ, ಸಹಿ ಮಾಡಿದ ಪತ್ರ ಬೇಕು. ಪತ್ರದಲ್ಲಿ ಅವಧಿ ನಮೂದಿಸದಿದ್ದರೆ 5 ವರ್ಷ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾಯ್ದೆ ಭಾವಿಸುತ್ತದೆ. ಆದ್ದರಿಂದ ಎರಡನ್ನೂ ಬರೆಯಿರಿ. ಹುಡುಗರ ಹೆಸರನ್ನು ಕೋಡಿನ ಕೃತಿಸ್ವಾಮ್ಯದ ಸಾಲಿನಿಂದ ಅಳಿಸಬೇಡಿ. ಅವರ ದುಡಿಮೆಯ ಗುರುತು ಅದೊಂದೇ.

ಹೆಜ್ಜೆ 8: ನೋಟಿಸ್ ಬಂದರೆ

ಪರವಾನಗಿ ಮುರಿದಿದ್ದೀರಿ ಎಂದು ಕೋಡಿನ ಹಕ್ಕುದಾರರು ಬರೆದರೆ ಮೊದಲು ಉತ್ತರ ಕೊಡಿ, ಮೌನ ಬೇಡ. ಜಿಪಿಎಲ್ 2ರ 4ನೇ ಕಲಂ ಪ್ರಕಾರ ಷರತ್ತು ಮುರಿದ ಕೂಡಲೇ ಹಕ್ಕು ತಾನಾಗಿ ಕೊನೆಯಾಗುತ್ತದೆ. ಜಿಪಿಎಲ್ 3ರ 8ನೇ ಕಲಂ ಮೃದುವಾಗಿದೆ: ಆ ಹಕ್ಕುದಾರರಿಂದ ಮೊದಲ ಸಲ ನೋಟಿಸ್ ಬಂದು 30 ದಿನದೊಳಗೆ ಸರಿಪಡಿಸಿದರೆ ಹಕ್ಕು ಶಾಶ್ವತವಾಗಿ ಮರಳುತ್ತದೆ. ಆ 30 ದಿನದಲ್ಲಿ ಆಗಬೇಕಾದದ್ದು ಇಷ್ಟು. ಹೊಸ ಪ್ರತಿ ಕೊಡುವುದನ್ನು ನಿಲ್ಲಿಸಿ. ಯಾವ ಗ್ರಾಹಕರ ಬಳಿ ಯಾವ ಆವೃತ್ತಿ ಇದೆ ಎಂದು ಗಿಟ್ ಗುರುತುಗಳಿಂದ ತೆಗೆಯಿರಿ. ಅವರೆಲ್ಲರಿಗೂ ಸೋರ್ಸ್ ಮತ್ತು ಪರವಾನಗಿ ಪಠ್ಯ ತಲುಪಿಸಿ ಸ್ವೀಕೃತಿ ಪಡೆಯಿರಿ. ತಲುಪಿಸಿದ ವಿವರವನ್ನು ನೋಟಿಸ್ ಕಳಿಸಿದವರಿಗೆ ದಿನಾಂಕ ಸಹಿತ ಬರೆದು ತಿಳಿಸಿ. ಮುಚ್ಚಿದ ಭಾಗ ಬೇರೆ ಕೃತಿ ಎಂದು ವಾದಿಸುವ ಪ್ರಸಂಗ ಬಂದರೆ, ಹೆಜ್ಜೆ 3ರಲ್ಲಿ ಗಡಿ ಎಳೆದಾಗ ಬರೆದಿಟ್ಟ ಟಿಪ್ಪಣಿ ಮತ್ತು ನಕ್ಷೆಯೊಂದಿಗೆ ಕೃತಿಸ್ವಾಮ್ಯ ಬಲ್ಲ ವಕೀಲರ ಬಳಿ ಹೋಗಿ. ಆ ಟಿಪ್ಪಣಿಯ ಮೇಲೆ ಮಾಡ್ಯೂಲ್ ಬರೆಯುವ ಮುಂಚಿನ ದಿನಾಂಕ ಇರಬೇಕು.